ಕೇಪ್ ಟೌನ್ ಬರ 2015-18: ಮೂರು ಒಣ ಚಳಿಗಾಲ, ನಲ್ಲಿ ಬಂದ್ ಆಗೋ ದಿನ, ಅದು ಮುಂದಕ್ಕೆ ಹೋಗಿದ್ದು ಹೇಗೆ

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಂಡು ಮುಂದೆ ಹೋಗೋಣ, ಇಲ್ದಿದ್ರೆ ಇಡೀ ಪ್ರಕರಣ ತಲೆಕೆಳಗಾಗಿ ಅರ್ಥ ಆಗುತ್ತೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಚಳಿಗಾಲವೇ ಮಳೆಗಾಲ. ಮೇ ತಿಂಗಳಿಂದ ಆಗಸ್ಟ್ ತನಕ ಅಟ್ಲಾಂಟಿಕ್ ಕಡೆಯಿಂದ ಒಂದರ ಹಿಂದೆ ಒಂದು ಶೀತ ಮಾರುತ ಬರುತ್ತೆ, ಬೆಟ್ಟಗಳಿಗೆ ಬಡಿದು ಸುರಿಯುತ್ತೆ, ಡ್ಯಾಂ ತುಂಬುತ್ತೆ. ನವೆಂಬರಿಂದ ಮಾರ್ಚ್ ತನಕ ಬಿರುಬೇಸಿಗೆ, ಆಗ್ನೇಯದಿಂದ ಜೋರು ಒಣಗಾಳಿ, ಮಳೆ ಹೆಸರಿಗೆ ಮಾತ್ರ. ಅಂದ್ರೆ ಅಲ್ಲಿ ಒಂದು ಚಳಿಗಾಲ ಒಣಗಿತು ಅಂದ್ರೆ ನಮ್ಮಲ್ಲಿ ಮುಂಗಾರು ಕೈಕೊಟ್ಟ ಹಾಗೆ, ಅದೂ ನಮಗಾದ್ರೆ ಹಿಂಗಾರಿನ ಆಸೆ ಒಂದು ಇರುತ್ತೆ, ಅವರಿಗೆ ಅದೂ ಇಲ್ಲ, ಮುಂದಿನ ಮೇ ತಿಂಗಳ ತನಕ ಡ್ಯಾಂನಲ್ಲಿ ಇರೋದೇ ನೀರು. ಅಂಥ ಚಳಿಗಾಲ 2015ರಲ್ಲಿ ಕೈಕೊಡ್ತು, 2016ರಲ್ಲಿ ಮತ್ತೆ ಕೈಕೊಡ್ತು, 2017ರಲ್ಲಿ ಎಲ್ಲದಕ್ಕಿಂತ ಕೆಟ್ಟದಾಗಿ ಕೈಕೊಡ್ತು.

ಈ ಬರದ ಬಗ್ಗೆ ಮಾತಾಡೋವಾಗ ನಮ್ಮಲ್ಲಿ ಜನ ಎರಡು ಮಾತು ಹೇಳ್ತಾರೆ. ಒಂದು, ಕೊನೆಗೆ ಮಳೆ ಬಂತು, ಊರು ಉಳೀತು ಅಂತ. ಇನ್ನೊಂದು, ಅದೆಲ್ಲ ಸುಮ್ನೆ ಹೆದರಿಸಿದ್ದು, ಏನೂ ಆಗ್ಲೇ ಇಲ್ಲ ಅಂತ. ಎರಡೂ ತಪ್ಪು ಅಂತ ನನ್ನ ಅಭಿಪ್ರಾಯ. ನಲ್ಲಿ ಬಂದ್ ಆಗ್ಬೇಕಿದ್ದಿದ್ದು 2018ರ ಏಪ್ರಿಲ್‌ನಲ್ಲಿ, ಒಳ್ಳೆ ಮಳೆ ಬಂದಿದ್ದು ಜೂನ್‌ನಲ್ಲಿ. ಮಧ್ಯದ ಆ ಗ್ಯಾಪನ್ನ ದಾಟಿಸಿದ್ದು ನೀರಿನ ಲೆಕ್ಕ. ಎಲ್ಲರಿಗೂ ಕಾಣೋ ಹಾಗೆ, ವಾರ ವಾರ, ಮನೆ ಮನೆಗೆ ಇಟ್ಟ ಲೆಕ್ಕ. ಆ ಲೆಕ್ಕ ಯಾರ ಮೇಲೆ ಎಷ್ಟು ಭಾರ ಬಿತ್ತು ಅನ್ನೋದು ಬೇರೆ ಮಾತು, ಅದಕ್ಕೂ ಬರ್ತೀನಿ.

ಊರಿನ ನೀರು ಎಲ್ಲಿಂದ ಬರ್ತಿತ್ತು

ಆಗ ಊರಲ್ಲಿ ಸುಮಾರು 40 ಲಕ್ಷ ಜನ. ಮೂರು ಕಡೆ ಸಮುದ್ರ, ಮಧ್ಯ ಟೇಬಲ್ ಮೌಂಟನ್. ಕುಡಿಯೋ ನೀರು ಹೆಚ್ಚೂ ಕಡಿಮೆ ಪೂರ್ತಿ ಆರು ದೊಡ್ಡ ಡ್ಯಾಂಗಳಿಂದ: ಥೀವಾಟರ್ಸ್‌ಕ್ಲೂಫ್, ಫೂಲ್‌ಫ್ಲೇ, ಬರ್ಗ್ ರಿವರ್, ವೆಮ್ಮರ್ಸ್‌ಹೂಕ್, ಸ್ಟೀನ್‌ಬ್ರಾಸ್ ಮೇಲಿನದು ಮತ್ತು ಕೆಳಗಿನದು. ಆರೂ ಸೇರಿ ತುಂಬಿದ್ರೆ ಸುಮಾರು 90 ಸಾವಿರ ಕೋಟಿ ಲೀಟರ್, ನಮ್ಮ ಲೆಕ್ಕದಲ್ಲಿ 32 ಟಿಎಂಸಿ ಹತ್ರ ಹತ್ರ. ಕೆಆರ್‌ಎಸ್ ಒಂದೇ 49 ಟಿಎಂಸಿ ಮೇಲಿದೆ ಅಂದ್ರೆ ಅಂದಾಜು ಸಿಗುತ್ತೆ, ಆರು ಡ್ಯಾಂ ಸೇರಿದ್ರೂ ಕೆಆರ್‌ಎಸ್‌ನ ಮೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಥೀವಾಟರ್ಸ್‌ಕ್ಲೂಫ್ ಒಂದರಲ್ಲೇ ಇತ್ತು, ಸುಮಾರು 17 ಟಿಎಂಸಿ. ಆ ಒಂದು ಡ್ಯಾಂ ಬತ್ತಿದ್ರೆ ಊರೇ ಬತ್ತಿದ ಹಾಗೆ.

ಈ ನೀರು ಬರೀ ಊರಿಗಲ್ಲ. ಸುತ್ತಮುತ್ತ ದ್ರಾಕ್ಷಿ, ಸೇಬು, ಪೇರ್ ಬೆಳೆಯೋ ದೊಡ್ಡ ದೊಡ್ಡ ತೋಟಗಳಿವೆ, ಆ ರೈತರಿಗೂ ಇದೇ ವ್ಯವಸ್ಥೆಯಿಂದ ಮೂರನೇ ಒಂದು ಭಾಗದಷ್ಟು ಹೋಗುತ್ತೆ, ಸಣ್ಣ ಪಟ್ಟಣಗಳಿಗೂ ಹೋಗುತ್ತೆ. ಮೇಲೆ ಇನ್ನೊಂದು ತೊಡಕು. ದೊಡ್ಡ ಪ್ರಮಾಣದ ನೀರಿನ ಮೂಲ ನೋಡ್ಕೊಳ್ಳೋದು ಕೇಂದ್ರ ಸರ್ಕಾರದ ನೀರಿನ ಇಲಾಖೆ, ಮನೆಗೆ ಹಂಚೋದು ನಗರಪಾಲಿಕೆ. ಕೇಂದ್ರದಲ್ಲಿ ಒಂದು ಪಾರ್ಟಿ, ಊರಲ್ಲಿ ಮತ್ತು ಪ್ರಾಂತ್ಯದಲ್ಲಿ ಇನ್ನೊಂದು ಪಾರ್ಟಿ. ಹೊಸ ನೀರಿನ ಮೂಲಕ್ಕೆ ದುಡ್ಡು ಯಾರು ಕೊಡ್ಬೇಕು ಅನ್ನೋ ಜಗಳ ಬರದ ಮಧ್ಯದಲ್ಲೂ ನಡೀತಾನೇ ಇತ್ತು. ಇಂಥ ಜಗಳ ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡ್ಬೇಕಿಲ್ಲ.

ಹಾಗಂತ ಊರು ಮೊದಲಿಂದ ಮೈಮರೆತು ಕೂತಿತ್ತು ಅನ್ನೋ ಹಾಗೂ ಇಲ್ಲ. ಸೋರಿಕೆ ತಡೆಯೋದು, ಪೈಪಿನ ಪ್ರೆಶರ್ ಕಡಿಮೆ ಮಾಡೋದು, ಮೀಟರ್ ಬದಲಾಯಿಸೋದು ಇದನ್ನೆಲ್ಲ ವರ್ಷಗಟ್ಟಲೆ ಮಾಡಿ, ಜನಸಂಖ್ಯೆ ಏರಿದ್ರೂ ನೀರಿನ ಬೇಡಿಕೆ ಅದೇ ವೇಗದಲ್ಲಿ ಏರದ ಹಾಗೆ ನೋಡ್ಕೊಂಡಿದ್ರು, ಇದೇ ಕೆಲಸಕ್ಕೆ 2015ರಲ್ಲಿ ಸಿ40 ಅನ್ನೋ ಜಾಗತಿಕ ನಗರಗಳ ಒಕ್ಕೂಟದಿಂದ ಪ್ರಶಸ್ತಿನೂ ಬಂತು. 2014ರಲ್ಲಿ ಡ್ಯಾಂಗಳು ತುಂಬಿ ತುಳುಕಿದ್ವು. ನನಗೆ ಇಡೀ ಪ್ರಕರಣದಲ್ಲಿ ತುಂಬಾ ಕಾಡೋ ಸಂಗತಿ ಇದೇ. ಚೆನ್ನಾಗಿ ಕೆಲಸ ಮಾಡ್ತಿದ್ದ ಪಾಲಿಕೆ, ತುಂಬಿದ ಡ್ಯಾಂ, ಕೈಯಲ್ಲಿ ಪ್ರಶಸ್ತಿ, ಅಲ್ಲಿಂದ ಕೆಲವೇ ವರ್ಷದಲ್ಲಿ ನಲ್ಲಿ ಬಂದ್ ಮಾಡೋ ತಾರೀಖು ಘೋಷಣೆ. ಎಚ್ಚರಿಕೆಯಿಂದ ಇದ್ದೋರಿಗೇ ಹೀಗಾಯ್ತು ಅಂದ್ರೆ ಉಳಿದೋರ ಕಥೆ ಏನು ಅಂತ ಯೋಚನೆ ಬರದೇ ಇರಲ್ಲ.

ಮೂರು ಚಳಿಗಾಲ

ಮಳೆಗಾಲ ಮುಗಿದಾಗ ಡ್ಯಾಂಗಳಲ್ಲಿ ಎಷ್ಟಿತ್ತು ಅಂತ ನೋಡಿದ್ರೆ ಸಾಕು. 2014ರಲ್ಲಿ ಪೂರ್ತಿ. 2015ರಲ್ಲಿ ನೂರಕ್ಕೆ ಸುಮಾರು 75. 2016ರಲ್ಲಿ 60ರ ಆಸುಪಾಸು. 2017ರಲ್ಲಿ 40 ಕೂಡ ಮುಟ್ಟಲಿಲ್ಲ. ಮೊದಲ ವರ್ಷ 75 ಅಂದಾಗ ಯಾರಿಗೂ ಭಯ ಆಗಲ್ಲ, ಮುಂದಿನ ಸಲ ತುಂಬುತ್ತೆ ಬಿಡು ಅನ್ಸುತ್ತೆ. ಎರಡನೇ ವರ್ಷ ನಿರ್ಬಂಧ ಬಂತು, ಆದ್ರೆ ಗಾರ್ಡನ್‌ಗೆ ಇಂಥ ದಿನ ಇಷ್ಟೊತ್ತಿಗೆ ಮಾತ್ರ ನೀರು ಹಾಕಿ ಅನ್ನೋ ಥರದ್ದು. ಮೂರನೇ ವರ್ಷ ಗೊತ್ತಾಗೋ ಹೊತ್ತಿಗೆ ಟೈಮ್ ಇರಲಿಲ್ಲ.

ಮಳೆ ಯಾಕೆ ಬರಲಿಲ್ಲ ಅಂದ್ರೆ, ಆ ಶೀತ ಮಾರುತಗಳನ್ನ ಹೊತ್ತು ತರೋ ಪಶ್ಚಿಮದ ಗಾಳಿಯ ಪಟ್ಟಿ ದಕ್ಷಿಣಕ್ಕೆ, ಧ್ರುವದ ಕಡೆಗೆ ಸರಿದಿತ್ತು. ಮಾರುತ ಬರ್ತಿತ್ತು, ಊರಿನ ದಕ್ಷಿಣಕ್ಕೆ ಸಮುದ್ರದ ಮೇಲೇ ಸುರಿದು ಹೋಗ್ತಿತ್ತು. ಭೂಮಿ ಬಿಸಿಯಾಗಿರೋದ್ರಿಂದ ಇಂಥ ಮೂರು ವರ್ಷದ ಬರ ಬರೋ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚಾಗಿದೆ ಅಂತ 2018ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ರು. ಇಂಥದ್ದು ನೂರಾರು ವರ್ಷಕ್ಕೊಮ್ಮೆ ಬರೋ ಬರ ಅಂತನೂ ಹೇಳಿದ್ರು. ಆದ್ರೆ ಅಲ್ಲಿನ ನೀರಿನ ವ್ಯವಸ್ಥೆ ಕಟ್ಟಿದ್ದು ಐವತ್ತು ವರ್ಷಕ್ಕೊಮ್ಮೆ ಬರೋ ಬರವನ್ನ ತಡ್ಕೊಳ್ಳೋ ಲೆಕ್ಕದಲ್ಲಿ.

ಇಲ್ಲಿ ಒಂದು ಸಣ್ಣ ವಿಷಯ, ಕ್ರಿಕೆಟ್ ನೋಡೋರಿಗೆ ನೆನಪಿರ್ಬೋದು. 2018ರ ಜನವರಿ ಮೊದಲ ವಾರ ಇಂಡಿಯಾ ಟೀಂ ಕೇಪ್ ಟೌನ್‌ನ ನ್ಯೂಲ್ಯಾಂಡ್ಸ್‌ನಲ್ಲಿ ಟೆಸ್ಟ್ ಆಡ್ತು, ಬೂಮ್ರಾ ಮೊದಲ ಟೆಸ್ಟ್. ಆಟಗಾರರಿಗೆ ಹೋಟೆಲಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಶವರ್ ಬೇಡ ಅಂತ ಹೇಳಿದ್ರು. ಅದೇ ಮ್ಯಾಚಿನ ಮೂರನೇ ದಿನ ಒಂದು ಬಾಲ್ ಕೂಡ ಹಾಕಕ್ಕಾಗಲಿಲ್ಲ, ಮಳೆ! ಇಲ್ಲಿ ಟೀವಿ ಮುಂದೆ ಕೂತೋರಿಗೆ ಬೇಜಾರು, ಅಲ್ಲಿಯವರಿಗೆ ಖುಷಿ. ಆದ್ರೆ ಆ ಮಳೆಯಿಂದ ನೀರಿನ ಕಷ್ಟ ತೀರಲಿಲ್ಲ. ನ್ಯೂಲ್ಯಾಂಡ್ಸ್ ಇರೋದು ಟೇಬಲ್ ಮೌಂಟನ್ ಬುಡದಲ್ಲಿ, ಊರಲ್ಲೇ ಜಾಸ್ತಿ ಮಳೆ ಬೀಳೋ ಜಾಗ, ದೊಡ್ಡ ಡ್ಯಾಂಗಳು ಇರೋದು ಪೂರ್ವಕ್ಕೆ ಹತ್ತಾರು ಕಿಲೋಮೀಟರ್ ದೂರದ ಬೆಟ್ಟಗಳ ಆಚೆ. ಊರಲ್ಲಿ ಕೊಡೆ ಹಿಡಿಯೋಷ್ಟು ಮಳೆ ಬಂದ್ರೂ ಜಲಾನಯನದಲ್ಲಿ ಬೀಳದಿದ್ರೆ ಡ್ಯಾಂ ಏರಲ್ಲ. ಬೆಂಗಳೂರಲ್ಲಿ ಎಷ್ಟು ಮಳೆ ಹುಯ್ದ್ರೂ ಕೊಡಗಲ್ಲಿ ಬೀಳ್ದೆ ಕೆಆರ್‌ಎಸ್ ತುಂಬಲ್ಲ ಅಲ್ವಾ, ಅದೇ.

ಡೇ ಝೀರೋ ಪ್ಲಾನ್

2017ರ ಮೇ ತಿಂಗಳಲ್ಲಿ ಪ್ರಾಂತ್ಯವನ್ನ ಬರಪೀಡಿತ ಅಂತ ಘೋಷಿಸಿದ್ರು. ವರ್ಷದ ಕೊನೆ ಹೊತ್ತಿಗೆ ಪಾಲಿಕೆ ಒಂದು ತಾರೀಖನ್ನ ಜನರ ಮುಂದೆ ಇಡ್ತು, ಅದಕ್ಕೆ ಡೇ ಝೀರೋ ಅಂತ ಹೆಸರು. ಡ್ಯಾಂಗಳ ಒಟ್ಟು ಮಟ್ಟ ನೂರಕ್ಕೆ 13.5ಕ್ಕೆ ಇಳಿದ ದಿನ ಹೆಚ್ಚಿನ ಮನೆಗಳ ನಲ್ಲಿ ಬಂದ್. ತಳದ ಹತ್ತು ಪರ್ಸೆಂಟ್ ನೀರು ಬರೀ ಕೆಸರು, ಎತ್ತಿ ಬಳಸೋದೇ ಕಷ್ಟ, ಅದಕ್ಕೇ ಸೊನ್ನೆಗೆ ಮುಂಚೆನೇ ಗೆರೆ ಎಳೆದಿದ್ರು. ಆಸ್ಪತ್ರೆಗಳಿಗೆ, ಊರಿನ ನಡುಭಾಗಕ್ಕೆ, ಗುಡಿಸಲು ಬಡಾವಣೆಗಳ ಬೀದಿ ನಲ್ಲಿಗಳಿಗೆ ಮಾತ್ರ ನೀರು ಇರುತ್ತೆ. ಉಳಿದೋರೆಲ್ಲ ಊರಲ್ಲಿ ಗುರುತು ಮಾಡಿದ ಸುಮಾರು 200 ಜಾಗಕ್ಕೆ ಹೋಗಿ, ಕ್ಯೂ ನಿಂತು, ತಲೆಗೆ ದಿನಕ್ಕೆ 25 ಲೀಟರ್ ತರ್ಬೇಕು.

ಈ 25 ಲೀಟರನ್ನ ಸ್ವಲ್ಪ ನಿಂತು ಯೋಚಿಸಿ. ನಮ್ಮ ಮನೆಗೆ ಬರೋ ನೀರಿನ ಕ್ಯಾನ್ 20 ಲೀಟರ್, ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಅದರಲ್ಲೇ ಕುಡಿಯೋದು, ಅಡುಗೆ, ಸ್ನಾನ, ಶೌಚ, ಬಟ್ಟೆ ಎಲ್ಲ. ನಾಲ್ಕು ಜನರ ಮನೆಗೆ ದಿನಾ 100 ಲೀಟರ್ ಅಂದ್ರೆ 100 ಕೆಜಿ ಹೊರೋದು. ಕಾರ್ ಇದ್ದೋರು ಡಿಕ್ಕಿಗೆ ಹಾಕ್ಕೊಂಡು ಬರ್ತಾರೆ, ವಯಸ್ಸಾದೋರು ಒಬ್ಬರೇ ಇರೋರು ಏನ್ ಮಾಡ್ಬೇಕು? 40 ಲಕ್ಷ ಜನಕ್ಕೆ 200 ಜಾಗ ಅಂದ್ರೆ ಒಂದೊಂದು ಕಡೆ 20 ಸಾವಿರ ಜನ. ಅಲ್ಲಿ ಗಲಾಟೆ ಆಗದ ಹಾಗೆ ಪೊಲೀಸ್ ಜೊತೆ ಸೈನ್ಯನೂ ನಿಲ್ಲಿಸೋ ಮಾತು ನಡೀತಿತ್ತು. ಜನ ಆಗ್ಲೇ ನ್ಯೂಲ್ಯಾಂಡ್ಸ್‌ನಲ್ಲಿ ಬೆಟ್ಟದಿಂದ ಇಳಿಯೋ ಒಂದು ಊಟೆಯ ನಲ್ಲಿಗೆ ಕ್ಯಾನ್ ಹಿಡ್ಕೊಂಡು ಹಗಲೂ ರಾತ್ರಿ ಕ್ಯೂ ನಿಲ್ಲೋಕೆ ಶುರು ಮಾಡಿದ್ರು, ಅದೊಂದು ಸಣ್ಣ ವಸತಿ ರಸ್ತೆ, ಟ್ರಾಫಿಕ್ಕು ತಳ್ಳಾಟ ಎಲ್ಲ ಜಾಸ್ತಿಯಾಗಿ 2018ರ ಮೇನಲ್ಲಿ ಆ ನೀರನ್ನ ಹತ್ತಿರದ ಈಜುಕೊಳದ ಜಾಗಕ್ಕೆ ತಿರುಗಿಸಬೇಕಾಯ್ತು. ಒಂದೇ ಒಂದು ನಲ್ಲಿ ಮುಂದೆ ಇಷ್ಟು ಆದ್ರೆ ಇಡೀ ಊರು ಕ್ಯೂ ನಿಂತಿದ್ರೆ?

ಡೇ ಝೀರೋ ತಾರೀಖು 2018ರ ಜನವರಿಯಲ್ಲಿ ಏಪ್ರಿಲ್ 22 ಅಂತಿತ್ತು, ಆ ತಿಂಗಳಲ್ಲೇ ಹಿಂದಕ್ಕೆ ಬಂದು ಏಪ್ರಿಲ್ 12 ಆಯ್ತು. ಆಗ ಮೇಯರ್ ಆಗಿದ್ದ ಪೆಟ್ರೀಷಿಯಾ ಡಿ ಲಿಲ್ ಅವರು ಜನ ಮಾತು ಕೇಳ್ತಿಲ್ಲ, ಇನ್ನು ಇದು ಆಗೇ ಆಗುತ್ತೆ ಅನ್ನೋ ಧಾಟಿಯಲ್ಲಿ ಮಾತಾಡಿದ್ರು. ಅದೇ ತಿಂಗಳು ಬರದ ಜವಾಬ್ದಾರಿ ಅವರಿಂದ ಉಪಮೇಯರ್ ಇಯಾನ್ ನೀಲ್ಸನ್ ಕೈಗೆ ಹೋಯ್ತು. ಪಾರ್ಟಿ ಒಳಜಗಳದ ವಿವರ ಇಲ್ಲಿ ಬೇಡ.

50 ಲೀಟರ್

2017ರ ಜೂನ್‌ನಲ್ಲಿ ಒಬ್ಬರಿಗೆ ದಿನಕ್ಕೆ 100 ಲೀಟರ್ ಅಂದ್ರು, ಆಮೇಲೆ 87, 2018ರ ಫೆಬ್ರವರಿ 1ರಿಂದ 50. ಶವರ್ ನಿಮಿಷಕ್ಕೆ ಸುಮಾರು 10 ಲೀಟರ್ ಬಿಡುತ್ತೆ, ಎರಡು ನಿಮಿಷಕ್ಕೆ 20 ಹೋಯ್ತು. ಹಳೇ ಫ್ಲಶ್ ಒಂದು ಸಲಕ್ಕೆ 9 ಲೀಟರ್, ದಿನಕ್ಕೆ ಎರಡೇ ಸಲ ಅಂದ್ರೂ 18. ಉಳಿದಿದ್ದು 12 ಲೀಟರ್, ಕುಡಿಯೋಕೆ, ಅಡುಗೆಗೆ, ಪಾತ್ರೆಗೆ, ಬಟ್ಟೆಗೆ. ಹಾಗಾಗಿ ಜನ ಶವರ್ ಕೆಳಗೆ ಬಕೆಟ್ ಇಟ್ಟು, ಆ ಸೋಪಿನ ನೀರಲ್ಲೇ ಟಾಯ್ಲೆಟ್ ಫ್ಲಶ್ ಮಾಡೋಕೆ ಶುರು ಮಾಡಿದ್ರು, ವಾಷಿಂಗ್ ಮೆಷಿನ್ ಪೈಪನ್ನ ಡ್ರಮ್ಮಿಗೆ ತಿರುಗಿಸಿದ್ರು, ಮೂತ್ರಕ್ಕೆ ಫ್ಲಶ್ ಮಾಡೋದೇ ಬಿಟ್ರು. ಹೋಟೆಲ್‌ಗಳಲ್ಲಿ ಬಾತ್‌ಟಬ್ ಮುಚ್ಚಳ ತೆಗೆದಿಟ್ರು, ರೆಸ್ಟೋರೆಂಟ್ ವಾಷ್‌ಬೇಸಿನ್ ಪಕ್ಕ ಸ್ಯಾನಿಟೈಸರ್ ಬಂತು, ಏರ್‌ಪೋರ್ಟಲ್ಲಿ ಇಳಿದ ಟೂರಿಸ್ಟ್‌ಗೂ ಇಲ್ಲಿಯವರ ಹಾಗೇ ನೀರು ಉಳಿಸಿ ಅನ್ನೋ ಬೋರ್ಡು.

ಜನ ಬರೀ ಭಯಕ್ಕೆ ಬದಲಾದ್ರು ಅಂತ ನನಗೆ ಅನ್ನಿಸಲ್ಲ. ಪಾಲಿಕೆ ವಾರ ವಾರ ಡ್ಯಾಂ ಮಟ್ಟ, ಊರಿನ ದಿನದ ಬಳಕೆ, ಡೇ ಝೀರೋ ತಾರೀಖು ಮೂರನ್ನೂ ಒಟ್ಟಿಗೆ ಪ್ರಕಟಿಸ್ತಿತ್ತು, ಯಾರು ಬೇಕಾದ್ರೂ ನೋಡ್ಬೋದಿತ್ತು. ಜನವರಿಯಲ್ಲಿ ಆನ್‌ಲೈನ್‌ನಲ್ಲಿ ಊರಿನ ಮ್ಯಾಪ್ ಹಾಕಿದ್ರು, ತಿಂಗಳಿಗೆ 6 ಸಾವಿರ ಲೀಟರ್ ಒಳಗೆ ಬಳಸಿದ ಮನೆ ಮೇಲೆ ಕಡು ಹಸಿರು ಚುಕ್ಕೆ, ಹತ್ತೂವರೆ ಸಾವಿರದ ಒಳಗಿದ್ರೆ ತಿಳಿ ಹಸಿರು. ಖಾಸಗಿ ವಿಷಯ ಬೀದಿಗೆ ತಂದ್ರು ಅಂತ ಕೆಲವರು ತಕರಾರು ಮಾಡಿದ್ರು, ಆ ತಕರಾರಲ್ಲಿ ನ್ಯಾಯ ಇಲ್ಲದೇ ಇಲ್ಲ, ಆದ್ರೆ ಪಕ್ಕದ ಮನೆಗೆ ಚುಕ್ಕೆ ಇದೆ ನಮಗಿಲ್ಲ ಅನ್ನೋದು ಜನರನ್ನ ಮೀಟರ್ ಬಾಕ್ಸ್ ತೆಗೆದು ನೋಡೋ ಹಾಗೆ ಮಾಡ್ತು. ಹೆಚ್ಚು ಬಳಸೋ ಮನೆಗಳಿಗೆ ದಿನದ ಮಿತಿ ಮುಗಿದ ತಕ್ಷಣ ನೀರು ನಿಲ್ಲಿಸೋ ಡಿವೈಸ್ ಕೂರಿಸಿದ್ರು, ಸಾಮಾನ್ಯವಾಗಿ ದಿನಕ್ಕೆ 350 ಲೀಟರ್. ದರ ಹಂತ ಹಂತವಾಗಿ ಏರಿಸಿದ್ರು. ಪೈಪ್ ಪ್ರೆಶರ್ ಇನ್ನಷ್ಟು ಇಳಿಸಿದ್ರು. ಎಲ್ಲ ಸೇರಿ ಊರಿನ ಬಳಕೆ 2015ರ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಇದ್ದಿದ್ದು 2018ರ ಹೊತ್ತಿಗೆ ಸುಮಾರು 50 ಕೋಟಿಗೆ ಇಳೀತು. ದೊಡ್ಡ ನಗರವೊಂದು ನಲ್ಲಿ ಪೂರ್ತಿ ಬಂದ್ ಮಾಡದೇ ಮೂರು ವರ್ಷದಲ್ಲಿ ಬಳಕೆಯನ್ನ ಅರ್ಧಕ್ಕಿಂತ ಕೆಳಗೆ ತಂದಿದ್ದು ಸಣ್ಣ ಸಾಧನೆ ಅಲ್ಲ.

ರೈತರ ಪಾಲು

ಇದನ್ನ ಬಿಟ್ಟು ಕಥೆ ಹೇಳೋರೇ ಜಾಸ್ತಿ, ಹಾಗಾಗಿ ಬೇರೆಯಾಗಿ ಬರೀತಿದ್ದೀನಿ. ಡೇ ಝೀರೋ ತಾರೀಖು ಏಪ್ರಿಲ್ 12ರಿಂದ 16ಕ್ಕೆ ಸರಿದಿತ್ತು, ಫೆಬ್ರವರಿ ಮೊದಲಲ್ಲಿ ಒಮ್ಮೆಲೇ ಮೇ 11ಕ್ಕೆ ಹೋಯ್ತು. ಅದಕ್ಕೆ ಮುಖ್ಯ ಕಾರಣ ತೋಟಗಳ ಬಳಕೆ ಇಳಿದಿದ್ದು, ಅವರಿಗೆ ಮೊದಲೇ ಭಾರೀ ಕಡಿತ ಹಾಕಿದ್ರು, ಆ ಕಡಿತದ ಪಾಲೂ ಬಹಳ ಕಡೆ ಮುಗಿದಿತ್ತು. ಅದೇ ತಿಂಗಳು ಗ್ರಾಬೌ, ಎಲ್ಗಿನ್ ಕಡೆಯ ಗ್ರೂನ್‌ಲ್ಯಾಂಡ್ ನೀರು ಬಳಕೆದಾರರ ಸಂಘದ ರೈತರು ತಮ್ಮ ಐಕನ್‌ಹಾಫ್ ಡ್ಯಾಂನಿಂದ ಸಾವಿರ ಕೋಟಿ ಲೀಟರ್ ನೀರನ್ನ ಸ್ಟೀನ್‌ಬ್ರಾಸ್‌ಗೆ ಬಿಟ್ಟುಕೊಟ್ರು, ದುಡ್ಡು ತಗೊಳ್ಳದೆ. ಟಿಎಂಸಿಯಲ್ಲಿ ಮೂರನೇ ಒಂದು ಭಾಗ ಅಷ್ಟೇ, ಆದ್ರೆ ದಿನಕ್ಕೆ 50 ಕೋಟಿಗೆ ಇಳಿದ ಊರಿಗೆ ಅದು 20 ದಿನದ ನೀರು. ಆಮೇಲೆ ತಾರೀಖು ಜೂನ್ 4 ಆಯ್ತು, ಜುಲೈ 9 ಆಯ್ತು, ಮಾರ್ಚ್ 7ರಂದು ಈ ವರ್ಷ ಡೇ ಝೀರೋ ಇಲ್ಲ ಅಂತ ಘೋಷಣೆ. ಅಷ್ಟೊತ್ತಿಗೆ ತೋಟಗಳಲ್ಲಿ ಸಾವಿರಾರು ಕೂಲಿ ಕೆಲಸ ಹೋಗಿತ್ತು. ಊರಿನ ನಲ್ಲಿ ಉಳಿಯೋಕೆ ಆ ಕೂಲಿಯವರೂ ಬೆಲೆ ಕೊಟ್ರು, ಅವರ ಹೆಸರು ಯಾವ ಮ್ಯಾಪಲ್ಲೂ ಬರಲಿಲ್ಲ.

ಯಾರಿಗೆ ಎಷ್ಟು ಬಿಸಿ

ಗುಡಿಸಲು ಬಡಾವಣೆಗಳಲ್ಲಿ ಲಕ್ಷಾಂತರ ಜನ ಇದ್ದಾರೆ, ಊರಿನ ಒಟ್ಟು ನೀರಲ್ಲಿ ಅವರ ಪಾಲು ನೂರಕ್ಕೆ ಐದು ಕೂಡ ಇರಲಿಲ್ಲ. ಬೀದಿ ನಲ್ಲಿಗೆ ಕ್ಯೂ ನಿಂತು ಬಕೆಟ್ ಹೊರೋದು ಅವರಿಗೆ 2018ರಲ್ಲಿ ಬಂದ ಹೊಸ ಕಷ್ಟ ಅಲ್ಲ, ಹುಟ್ಟಿದಾಗಿಂದ ಅದೇ. 2023ರಲ್ಲಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನ ಪ್ರಕಾರ ಕೇಪ್ ಟೌನ್‌ನ ಶ್ರೀಮಂತ ಮತ್ತು ಮೇಲ್ಮಧ್ಯಮ ವರ್ಗ, ಅಂದ್ರೆ ನೂರಕ್ಕೆ 14ಕ್ಕಿಂತ ಕಡಿಮೆ ಜನ, ಊರಿನ ಅರ್ಧಕ್ಕಿಂತ ಜಾಸ್ತಿ ನೀರು ಬಳಸ್ತಾರೆ. ನೂರಕ್ಕೆ 62ರಷ್ಟಿರೋ ಬಡವರಿಗೆ ಸಿಗೋದು ಸುಮಾರು 27 ಭಾಗ.

ಆ ದಿನದ ಮಿತಿಯ ಡಿವೈಸ್ ಕಥೆ ತಗೊಳ್ಳಿ. ಬಡ ಬಡಾವಣೆಗಳಲ್ಲಿ ಬರಕ್ಕೆ ಎಷ್ಟೋ ವರ್ಷ ಮೊದಲೇ ಅವನ್ನ ಕೂರಿಸಿದ್ರು. ಅಲ್ಲಿ ಒಂದು ಮನೆ ಹಿತ್ತಲಲ್ಲಿ ಎರಡು ಮೂರು ಶೆಡ್ ಹಾಕಿ ಬೇರೆ ಕುಟುಂಬಗಳು ಬಾಡಿಗೆಗೆ ಇರ್ತಾರೆ, ನಮ್ಮ ವಠಾರಗಳ ಹಾಗೆ, ಮೀಟರ್ ಮಾತ್ರ ಒಂದೇ. ಹತ್ತು ಹನ್ನೆರಡು ಜನ ಇರೋ ಕಡೆ 350 ಲೀಟರ್ ಮಧ್ಯಾಹ್ನದೊಳಗೆ ಖಾಲಿ. ಜನ ಜಾಸ್ತಿ ಇದ್ದೀವಿ ಅಂತ ಅರ್ಜಿ ಹಾಕಿ ಕೋಟಾ ಹೆಚ್ಚಿಸ್ಕೊಳ್ಳೋಕೆ ಅವಕಾಶ ಇತ್ತು, ಆದ್ರೆ ಅರ್ಜಿ, ದಾಖಲೆ, ಆಫೀಸು ಅಂತ ಅಲೆಯೋಕೆ ದಿನಗೂಲಿ ಬಿಟ್ಟು ಹೋಗೋರು ಯಾರು? ಇನ್ನೊಂದು ಕಡೆ ದುಡ್ಡಿದ್ದೋರು ಬೋರ್‌ವೆಲ್ ಕೊರೆಸಿದ್ರು, ದೊಡ್ಡ ಟ್ಯಾಂಕ್ ಇಡಿಸಿದ್ರು, ಅವರ ಮೀಟರ್ ಕಡಿಮೆ ತೋರಿಸ್ತು, ಚುಕ್ಕೆ ಹಸಿರಾಯ್ತು. ಮ್ಯಾಪ್ ಒಳ್ಳೇದು ಅಂದೆ, ಆದ್ರೆ ಅದು ನೆಲದಡಿಯ ನೀರನ್ನ ನೋಡ್ತಿರಲಿಲ್ಲ. ಲೆಕ್ಕ ಇಡೋದು ಅಂದ್ರೆ ಅದನ್ನೂ ಇಡ್ಬೇಕು.

ಬಳಕೆ ಇಳಿದಿದ್ದಕ್ಕೆ ಪಾಲಿಕೆಯ ಆದಾಯನೂ ಇಳೀತು. ಆಸ್ತಿ ಮೌಲ್ಯದ ಮೇಲೆ ಬರದ ಶುಲ್ಕ ಹಾಕೋಕೆ ಹೊರಟು ಜನರ ವಿರೋಧಕ್ಕೆ ಜನವರಿಯಲ್ಲಿ ಕೈಬಿಟ್ರು, ಜುಲೈನಿಂದ ಪೈಪಿನ ಗಾತ್ರ ನೋಡಿ ತಿಂಗಳ ಫಿಕ್ಸೆಡ್ ಚಾರ್ಜ್ ಹಾಕಿದ್ರು. ನೀರು ಉಳಿಸಿದ್ದಕ್ಕೆ ಬಿಲ್ ಜಾಸ್ತಿ ಕಟ್ಬೇಕಾ ಅಂತ ಜನ ಸಿಟ್ಟಾದ್ರು. ಸಿಟ್ಟು ಸಹಜ, ಆದ್ರೆ ಪಂಪು ಪೈಪು ಸಂಬಳ ಯಾವ್ದೂ ನೀರು ಕಡಿಮೆ ಹರಿದ್ರೆ ಕಡಿಮೆ ಆಗಲ್ಲ. ಇದನ್ನ ಬರ ಬರೋಕೆ ಮೊದಲೇ ಕೂತು ಇತ್ಯರ್ಥ ಮಾಡ್ಕೋಬೇಕಿತ್ತು.

ಸಮುದ್ರದ ನೀರು, ಬೆಟ್ಟದ ಮರ

ಮೂರು ಕಡೆ ಸಮುದ್ರ ಇಟ್ಕೊಂಡು ಉಪ್ಪು ತೆಗೆದು ಕುಡೀಬಾರ್ದಾ ಅಂತ ಎಲ್ಲರೂ ಕೇಳ್ತಾರೆ. ತಾತ್ಕಾಲಿಕ ಘಟಕ ಹಾಕಿದ್ರು, ಸ್ಟ್ರಾಂಡ್‌ಫಾಂಟೇನ್ ಮತ್ತು ಮಾನ್ವಾಬಿಸಿಯಲ್ಲಿ ದಿನಕ್ಕೆ 70 ಲಕ್ಷ ಲೀಟರ್ ಒಂದೊಂದು, ಬಂದರಿನ ಹತ್ರ 20 ಲಕ್ಷದ್ದು ಒಂದು. ಮೂರೂ ಸೇರಿ ಒಂದು ಕೋಟಿ 60 ಲಕ್ಷ, ಊರಿಗೆ ಬೇಕಿದ್ದಿದ್ದು 50 ಕೋಟಿ. ಅವು ನೀರು ಕೊಡೋ ಹೊತ್ತಿಗೆ ಡೇ ಝೀರೋನೂ ಮುಂದಕ್ಕೆ ಹೋಗಿತ್ತು, ನೀರಿನ ಬೆಲೆನೂ ಡ್ಯಾಂ ನೀರಿಗಿಂತ ಎಷ್ಟೋ ಪಟ್ಟು. ಬರ ಬಂದ ಮೇಲೆ ಅವಸರಕ್ಕೆ ಕಟ್ಟಿದ್ರೆ ಹೀಗೇ ಆಗೋದು. 2018ರ ಮಳೆಗಾಲದ ಕೊನೆಗೆ ಡ್ಯಾಂಗಳು ನೂರಕ್ಕೆ 70 ದಾಟಿದ್ವು, 2020ರಲ್ಲಿ ತುಂಬಿದ್ವು, ಆಮೇಲೂ ಜನರ ಬಳಕೆ ಹಳೇ 120 ಕೋಟಿಗೆ ವಾಪಸ್ ಹೋಗಲಿಲ್ಲ. ಈಗಿನ ಯೋಜನೆಯಲ್ಲಿ 2030ರೊಳಗೆ ದಿನಕ್ಕೆ 30 ಕೋಟಿ ಲೀಟರ್ ಹೊಸ ನೀರು, ಅಂತರ್ಜಲ, ಶುದ್ಧೀಕರಿಸಿದ ಕೊಳಚೆ ನೀರು, ಸಮುದ್ರ ಎಲ್ಲದರಿಂದ ಸೇರಿಸ್ಬೇಕು ಅಂತಿದೆ.

2024ರ ಮಾರ್ಚಲ್ಲಿ ಬೆಂಗಳೂರಿಗೆ ನೀರಿಲ್ಲದಾಗ ಪೇಪರ್ ಟೀವಿಯಲ್ಲೆಲ್ಲ ಕೇಪ್ ಟೌನ್ ಹೆಸರು ಓಡಾಡ್ತು. ಆದ್ರೆ ಎರಡು ಊರಿನ ಕಷ್ಟ ಬೇರೆ ಬೇರೆ. ಅಲ್ಲಿ ಇಡೀ ಊರು ಡ್ಯಾಂ ಮೇಲೆ ನಿಂತಿತ್ತು, ಎಷ್ಟಿದೆ ಎಷ್ಟು ಹೋಗ್ತಿದೆ ಅಂತ ಗೊತ್ತಿತ್ತು, ಅದಕ್ಕೇ ಒಂದು ತಾರೀಖು ಹೇಳೋಕಾಯ್ತು. ನಮ್ಮಲ್ಲಿ ಕಾವೇರಿ ನೀರು ಹೋಗದ ಕಡೆ ಬೋರ್‌ವೆಲ್ಲು, ಟ್ಯಾಂಕರ್ರು. ಸರ್ಕಾರಿ ಬೋರ್‌ವೆಲ್‌ಗಳಲ್ಲೇ 13,900ರಲ್ಲಿ 6,900 ಬತ್ತಿವೆ ಅಂತ ಆಗ ಸರ್ಕಾರವೇ ಹೇಳ್ತು, ಖಾಸಗಿಯವು ಎಷ್ಟು ನೀರು ಎತ್ತುತ್ತವೆ ಅನ್ನೋದಕ್ಕೆ ಮೀಟರೇ ಇಲ್ಲ. ಮೀಟರ್ ಇಲ್ಲದ ಊರಿಗೆ ಡೇ ಝೀರೋ ಒಂದು ತಾರೀಖಾಗಿ ಬರಲ್ಲ, ಇವತ್ತು ಈ ಬೀದಿಗೆ, ನಾಳೆ ಆ ಲೇಔಟ್‌ಗೆ ಬರುತ್ತೆ.

ಕೇಪ್ ಟೌನ್‌ನಲ್ಲಿ ಈ ಬರದಿಂದ ಹುಟ್ಟಿದ ಕೆಲಸಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಬೆಟ್ಟದ ಮೇಲೆ ನಡೀತಿರೋದು. ಡ್ಯಾಂಗಳ ಜಲಾನಯನದಲ್ಲಿ ಹೊರಗಿನಿಂದ ಬಂದ ಪೈನ್, ಅಕೇಶಿಯ, ನೀಲಗಿರಿ ಮರಗಳು ಹಬ್ಬಿವೆ, ಅಲ್ಲಿಯ ಮೂಲ ಕುರುಚಲು ಗಿಡಗಳಿಗಿಂತ ಎಷ್ಟೋ ಜಾಸ್ತಿ ನೀರು ಹೀರ್ತವೆ, ವರ್ಷಕ್ಕೆ ಸುಮಾರು 5,500 ಕೋಟಿ ಲೀಟರ್, ಹತ್ರ ಹತ್ರ ಎರಡು ಟಿಎಂಸಿ. ಅವನ್ನ ಕಡಿಯೋಕೆ ಅಂತಾನೇ 2018ರ ನವೆಂಬರ್‌ನಲ್ಲಿ ಒಂದು ವಾಟರ್ ಫಂಡ್ ಶುರುವಾಯ್ತು. ಕಡಿದಾದ ಬೆಟ್ಟಗಳಲ್ಲಿ ತಂಡಗಳು ಹಗ್ಗ ಕಟ್ಕೊಂಡು ಇಳಿದು ಒಂದೊಂದೇ ಪೈನ್ ಕಡೀತಾರೆ, ಕೆಲಸ ಸಿಕ್ಕ ಅನೇಕರು ಸುತ್ತಲಿನ ಹಳ್ಳಿ ಪಟ್ಟಣಗಳ ಬಡ ಯುವಕ ಯುವತಿಯರು. ಒಂದು ಸಲ ಕಡಿದ್ರೆ ಮುಗಿಯಲ್ಲ, ಬೀಜ ಮಣ್ಣಲ್ಲೇ ಇರುತ್ತೆ, ಬೆಂಕಿ ಬಿದ್ದ ಮೇಲೆ ಮತ್ತೆ ಮೊಳೆಯುತ್ತೆ, ಕೆಲವು ವರ್ಷಕ್ಕೊಮ್ಮೆ ಅದೇ ಜಾಗಕ್ಕೆ ವಾಪಸ್ ಹೋಗಿ ಸಸಿ ಕೀಳ್ಬೇಕು, ಅದಕ್ಕೆ ಪ್ರತಿ ವರ್ಷ ದುಡ್ಡು ಹೊಂದಿಸ್ಬೇಕು, ಡ್ಯಾಂ ತುಂಬಿದ ವರ್ಷನೂ.